ಪದ್ಯ ಅದೇ, ಅರ್ಥ ಹೇಳುವವರು ಬೇರೆ

ಪ್ರಶ್ನೆ: ಬೆನ್ಯಾಮಿನ್ ಅವರ ‘ಆಡುಜೀವಿತಂ’ ನನ್ನ ಮೆಚ್ಚಿನ ಮಲಯಾಳಂ ಕಾದಂಬರಿ. ನಾಲ್ಕು ಸಲ ಓದಿದ್ದೇನೆ. ಸಿನಿಮಾ ಬಂದಾಗ ಅಮ್ಮನನ್ನೂ ಅಣ್ಣನನ್ನೂ ಕರೆದುಕೊಂಡು ಹೋದೆ. ನನಗೆ ಬಹಳ ನಿರಾಸೆಯಾಯಿತು. ಗಲ್ಫಿಗೆ ದುಡಿಯಲು ಹೋಗಿ ಮರುಭೂಮಿಯ ಆಡಿನ ದೊಡ್ಡಿಯಲ್ಲಿ ಸಿಕ್ಕಿಬಿದ್ದ ನಜೀಬ್ ಆಡುಗಳ ಜೊತೆ ಬದುಕಿದ ಬದುಕೇ ಅದರಲ್ಲಿ ಕಾಣಲಿಲ್ಲ. ಪುಸ್ತಕ ಓದದ ಅಮ್ಮ ಮಾತ್ರ ಊರಿನಿಂದ ಒಯ್ದ ಉಪ್ಪಿನಕಾಯಿ ತೆರೆಯ ಮೇಲೆ ಬಂದಾಗಿನಿಂದ ಅಳುತ್ತಲೇ ಇದ್ದರು. ಹದಿನಾಲ್ಕು ವರ್ಷ ಶಾರ್ಜಾದಲ್ಲಿ ದುಡಿದು ಬಂದ ಅಣ್ಣ, ‘ಇದಕ್ಕಿಂತ ಚೆನ್ನಾಗಿ ಇನ್ಯಾರು ತೋರಿಸಿಯಾರು?’ ಎಂದು ನನ್ನ ಬಾಯಿ ಮುಚ್ಚಿಸಿದ. ಮನೆಯಲ್ಲಿ ಆ ವಾದ ಇನ್ನೂ ಮುಗಿದಿಲ್ಲ. ಜನ ಮೆಚ್ಚಿದ ಕಾದಂಬರಿಯಿಂದ ಮಾಡಿದ ದೊಡ್ಡ ಸಿನಿಮಾ ಓದುಗರ ನಿರೀಕ್ಷೆಯನ್ನು ಎಂದಾದರೂ ಮುಟ್ಟಿದೆಯೇ? ಇಲ್ಲ, ನಾವು ಹಾಗೆ ನಿರೀಕ್ಷಿಸುವುದೇ ತಪ್ಪೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಈ ಪ್ರಶ್ನೆಗೆ ‘ಪುಸ್ತಕ ಪುಸ್ತಕವೇ, ಸಿನಿಮಾ ಸಿನಿಮಾವೇ’ ಎಂಬ ಸಿದ್ಧ ಉತ್ತರವೊಂದಿದೆ. ನಾನು ಅದನ್ನು ಹೇಳುವುದಿಲ್ಲ. ಕನ್ನಡ ಮೇಷ್ಟ್ರಾಗಿದ್ದಷ್ಟು ಕಾಲವೂ, ಆಮೇಲೆ ಚಿತ್ರಕಥೆ ಶಿಬಿರಗಳಲ್ಲಿ ಪಾಠ ಹೇಳುವಾಗಲೂ ಆ ಮಾತನ್ನು ಕೇಳಿದ್ದೇನೆ. ಅದು ಚರ್ಚೆಯನ್ನು ಬೆಳೆಸುವುದಿಲ್ಲ, ಬಾಗಿಲು ಹಾಕಿಬಿಡುತ್ತದೆ. ನಾಲ್ಕು ಸಲ ಓದಿದವರಿಗೆ ಅಷ್ಟರಲ್ಲಿ ಸಮಾಧಾನವಾಗಬಾರದು.

ಮೊದಲು ನಿಮ್ಮ ದೂರನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಹುರುಳಿದೆ. ಕಾದಂಬರಿಯಲ್ಲಿ ನಜೀಬ್ ಮಸರದ, ಎಂದರೆ ಆ ದೊಡ್ಡಿಯ, ಆಡುಗಳಿಗೆ ತನ್ನ ಊರಿನವರ ಹೆಸರಿಡುತ್ತಾನೆ. ಇದರ ನಡಿಗೆ ಅವರಂತಿದೆ, ಅದರ ಮೋರೆ ಇವರಂತಿದೆ ಎಂದು ಗುರುತಿಸುತ್ತ ಮರುಭೂಮಿಯ ನಡುವೆ ಊರೊಂದನ್ನು ಕಟ್ಟಿಕೊಳ್ಳುತ್ತಾನೆ. ತನ್ನ ಕೈಯಾರೆ ಹೆರಿಗೆ ಮಾಡಿಸಿದ ಮರಿಗೆ ನಬೀಲ್ ಎಂದು ಕರೆಯುತ್ತಾನೆ. ಊರಿನಲ್ಲಿ ಹೆಂಡತಿಯ ಹೊಟ್ಟೆಯಲ್ಲಿರುವ ಮಗುವಿಗೆಂದು ಅವನು ತೆಗೆದಿಟ್ಟುಕೊಂಡಿದ್ದ ಹೆಸರು ಅದು. ಮನುಷ್ಯ ಮನುಷ್ಯನನ್ನು ಆಡಿನಂತೆ ಕಾಣುವ ಜಾಗದಲ್ಲಿ ಇವನೊಬ್ಬ ಆಡನ್ನು ಮನುಷ್ಯನಂತೆ ಕಾಣುತ್ತಾನೆ. ಪುಸ್ತಕದ ಹೆಸರು ನಿಂತಿರುವುದೇ ಅದರ ಮೇಲೆ. 2008ರಲ್ಲಿ ಬಂದ ಈ ಕಾದಂಬರಿ ಮುದ್ರಣದ ಮೇಲೆ ಮುದ್ರಣ ಕಂಡು, ಭಾಷೆಯಿಂದ ಭಾಷೆಗೆ ಹೋಗುತ್ತಿರುವುದಕ್ಕೆ ಅದರಲ್ಲಿನ ಕಷ್ಟಗಳ ಪಟ್ಟಿಯೊಂದೇ ಕಾರಣವಾಗಿರಲಾರದು. ಕಷ್ಟದ ಕಥೆಗಳಿಗೆ ಗಲ್ಫಿನ ನಂಟಿರುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಬರವೇ? ಓದುಗರ ಒಳಗೆ ಇಳಿದದ್ದು ಆ ಹೆಸರಿಡುವ ಕ್ರಿಯೆ. ನಿರ್ದೇಶಕ ಬ್ಲೆಸ್ಸಿ ಅವರ ಸಿನಿಮಾದಲ್ಲಿ ಆ ನಂಟು ಬಹಳ ತೆಳುವಾಗಿದೆ. ನೀವು ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದೀರಿ.

ಹಾಗಾದರೆ ಅದೇಕೆ ತೆಳುವಾಯಿತು? ಶಿಬಿರಗಳಲ್ಲಿ ನಾನು ಒಂದು ಅಭ್ಯಾಸ ಕೊಡುತ್ತಿದ್ದೆ. ‘ಆ ಆಡನ್ನು ಕಂಡಾಗ ಅವನಿಗೆ ಊರಿನ ಇಂಥವರ ನೆನಪಾಯಿತು’ ಎಂಬ ಒಂದೇ ವಾಕ್ಯ. ಅದನ್ನು ದೃಶ್ಯವಾಗಿ ಬರೆಯಿರಿ ಎನ್ನುತ್ತಿದ್ದೆ. ಹತ್ತು ನಿಮಿಷ ಪೆನ್ನು ಕಚ್ಚಿಕೊಂಡು ಕೂರುತ್ತಿದ್ದರು. ಆಡಿನ ಮುಖ ತೋರಿಸಿದರೆ ಪ್ರೇಕ್ಷಕರಿಗೆ ಕಾಣುವುದು ಬರಿಯ ಆಡು. ಆ ಊರಿನವರನ್ನು ತೋರಿಸಬೇಕೆಂದರೆ ಅವರನ್ನು ಮೊದಲೇ ಎಲ್ಲೋ ಪರಿಚಯಿಸಿರಬೇಕು. ಅದಕ್ಕೆ ಎರಡು ನಿಮಿಷ ಬೇಕು. ಹೀಗೆ ಐದಾರು ಆಡುಗಳಿಗೆ ಐದಾರು ಮನುಷ್ಯರೆಂದರೆ ಹತ್ತು ಹನ್ನೆರಡು ನಿಮಿಷ ಹೋಯಿತು. ಹಿನ್ನೆಲೆಯಲ್ಲಿ ಮಾತು ಕೊಟ್ಟು ಹೇಳಿಸೋಣ ಎಂದರೆ ಸಿನಿಮಾ ರೇಡಿಯೊ ಆಗುತ್ತದೆ. ನಜೀಬನೇ ಬಾಯಿಬಿಟ್ಟು ಆಡಿನೊಡನೆ ಮಾತನಾಡಲಿ ಎಂದರೆ, ಮಾತೇ ಮರೆತುಹೋಗುವಂಥ ಒಂಟಿತನ ಎಂಬ ಕಥೆಯ ಇನ್ನೊಂದು ಜೀವಾಳ ಹೋಗುತ್ತದೆ. ಕಾಗದದ ಮೇಲೆ ಏಳು ಪದಗಳಲ್ಲಿ ಮುಗಿದದ್ದು ತೆರೆಯ ಮೇಲೆ ಇಷ್ಟು ದುಬಾರಿ. ಪುಸ್ತಕಕ್ಕೆ ಮನಸ್ಸಿನ ಒಳಗೆ ಹೋಗಲು ಬಾಗಿಲು ತಟ್ಟಬೇಕಾಗಿಲ್ಲ. ಕ್ಯಾಮೆರಾ ಅಂಗಳದಲ್ಲೇ ನಿಂತು ಮುಖ ನೋಡಬೇಕು.

ಕಷ್ಟವಿತ್ತು ಎಂದ ಮಾತ್ರಕ್ಕೆ ಬಿಟ್ಟದ್ದು ಸರಿ ಎಂದಾಗುವುದಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಈಗ ನಿಮ್ಮ ಅಮ್ಮನ ಕಣ್ಣೀರು. ಅಣ್ಣ ಹೊರಡುವ ಹಿಂದಿನ ರಾತ್ರಿ ಉಪ್ಪಿನಕಾಯಿಯ ಭರಣಿಯಿಂದ ಬಾಟಲಿಗೆ ತುಂಬಿ, ಎಣ್ಣೆ ಸೋರಬಾರದೆಂದು ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಬಟ್ಟೆ ಕಟ್ಟಿ, ಪೆಟ್ಟಿಗೆಯ ಅಂಗಿಗಳ ನಡುವೆ ಇಟ್ಟ ಕೈ ಅವರದೇ ಇದ್ದೀತು. ಕುಂಬಳೆ, ಉಪ್ಪಳ, ಮಂಜೇಶ್ವರದ ಎಷ್ಟೋ ಮನೆಗಳಲ್ಲಿ ಆ ರಾತ್ರಿ ಗೊತ್ತು. ಮಗ ಅಲ್ಲಿ ಅದನ್ನು ಹೇಗೆ ತಿಂದ, ಯಾವಾಗ ಮುಗಿಸಿದ ಎಂಬುದು ಮಾತ್ರ ಯಾವ ತಾಯಿಗೂ ಗೊತ್ತಿಲ್ಲ. ಫೋನಿನಲ್ಲಿ ಎಲ್ಲರೂ ‘ಇಲ್ಲಿ ಎಲ್ಲ ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ನಿಮ್ಮ ಅಮ್ಮ ಆ ಕತ್ತಲ ಹಾಲ್‌ನಲ್ಲಿ ಬೆನ್ಯಾಮಿನ್ ಅವರ ನಜೀಬನಿಗಾಗಿ ಅತ್ತಿರಲಿಕ್ಕಿಲ್ಲ. ತಾವು ಹದಿನಾಲ್ಕು ವರ್ಷ ಕಾಣದೆ ಉಳಿದ ಒಂದು ಊಟದ ಹೊತ್ತನ್ನು ಕಂಡು ಅತ್ತರು. ನೀವು ಪುಸ್ತಕವನ್ನು ಜೊತೆಗೆ ಕೊಂಡುಹೋಗಿದ್ದಿರಿ, ಅವರು ಮಗನನ್ನು ಕೊಂಡುಹೋಗಿದ್ದರು. ಅಣ್ಣನ ಮಾತೂ ಹಾಗೆಯೇ. ಆ ಬಿಸಿಲು, ಆ ಒಣ ಖುಬ್ಬೂಸ್ ರೊಟ್ಟಿ, ಭಾಷೆ ಬಾರದ ದೇಶದಲ್ಲಿ ವಿಮಾನ ನಿಲ್ದಾಣದ ಹೊರಗೆ ಯಾರಿಗೋ ಕಾಯುತ್ತ ನಿಲ್ಲುವ ಭಯ, ಇವು ಸರಿಯಾಗಿವೆಯೇ ಎಂದು ನೋಡುವ ಸಾಕ್ಷಿ ಅವನು. ನಿಮ್ಮ ಮನೆಯ ವಾದ ಮುಗಿಯದಿರುವುದು ಮೂವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿರುವುದರಿಂದ.

ಇಂಥ ವಾದವನ್ನು ಅಳೆಯುವ ಕೋಲು ನಮ್ಮ ಊರಿನಲ್ಲೇ ಇದೆ. ನೀವು ಬದಿಯಡ್ಕದವರು, ವೇಷ ಕುಣಿತಗಳಿಲ್ಲದೆ ಹಾಡು ಮಾತುಗಳಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆ ಕೇಳಿಯೇ ಇರುತ್ತೀರಿ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬ ರಾಮಾಯಣದ ಪ್ರಸಂಗಗಳನ್ನು ಕಟ್ಟಿದಾಗ ಅವನ ಮುಂದೆ ಇದ್ದದ್ದು ತೊರವೆ ರಾಮಾಯಣ. ಭಾಮಿನಿ ಷಟ್ಪದಿಯಲ್ಲಿ ಓದಲೆಂದು ಬರೆದ ಕಾವ್ಯ ಅದು. ಅವನು ಅದನ್ನು ರಾಗ ತಾಳಗಳಿಗೆ ಒಗ್ಗಿಸಿದ, ಬಿಡಬೇಕಾದ್ದನ್ನು ಬಿಟ್ಟ, ಸಂಭಾಷಣೆಯಾಗಬೇಕಾದ್ದನ್ನು ಸಂಭಾಷಣೆ ಮಾಡಿದ. ಇಂದಿನ ಮಾತಿನಲ್ಲಿ ಹೇಳುವುದಾದರೆ ರೂಪಾಂತರ ಮಾಡಿದ. ತೊರವೆ ರಾಮಾಯಣವೇ ವಾಲ್ಮೀಕಿಯ ರೂಪಾಂತರ. ಆ ಪ್ರಸಂಗದ ಪದ್ಯವನ್ನು ಭಾಗವತರು ಹಾಡಿದ ಮೇಲೆ, ಪಾತ್ರವಾಗಿ ಅದರ ಅರ್ಥವನ್ನು ಮಾತಿನಲ್ಲಿ ಬೆಳೆಸುವ ಅರ್ಥಧಾರಿ ಇನ್ನೊಂದು ಸುತ್ತು ರೂಪಾಂತರಿಸುತ್ತಾನೆ. ವಾಲಿವಧೆಯಲ್ಲಿ, ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಭಾಗದ ಪದ್ಯಗಳು ಬೆರಳೆಣಿಕೆಯವು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅವನ್ನೇ ಹಿಡಿದು ರಾತ್ರಿಯನ್ನು ಎಳೆದೊಯ್ಯುತ್ತಿದ್ದರು. ಎಳೆಯನಿದ್ದಾಗ ನಾನು ದೇವಸ್ಥಾನದ ಜಗಲಿಯಲ್ಲಿ ಕಂಬಕ್ಕೊರಗಿ ಕುಳಿತು ಕೇಳಿದ್ದೇನೆ. ಅಡಿಕೆ ತೋಟದಿಂದ ಬಂದ ಹಿರಿಯರು, ರಾಮಾಯಣ ಕಂಠಪಾಠವಿದ್ದವರು, ‘ಇದು ಮೂಲದಲ್ಲಿಲ್ಲ’ ಎಂದು ಒಮ್ಮೆಯೂ ಎದ್ದು ಹೋದದ್ದನ್ನು ಕಾಣೆ. ಆದರೆ ಯಾರಾದರೂ ಪದ್ಯ ಬಿಟ್ಟು ತನಗೆ ಗೊತ್ತಿರುವ ಪಾಂಡಿತ್ಯವನ್ನೆಲ್ಲ ಹರಡಿಕೊಂಡು ಕುಳಿತರೆ ಅದೇ ಹಿರಿಯರು ಎಲೆಯಡಿಕೆಯ ಚೀಲ ಬಿಚ್ಚುತ್ತಿದ್ದರು. ‘ಪದ್ಯಕ್ಕೆ ಅರ್ಥ ಬರಲಿಲ್ಲ’ ಎಂಬುದು ಅವರ ತೀರ್ಪು. ಅದಕ್ಕಿಂತ ಕಠಿಣವಾದ ವಿಮರ್ಶೆ ನಾನು ಕೇಳಿಲ್ಲ.

ಕಾದಂಬರಿಯಿಂದ ಬಂದ ಸಿನಿಮಾವನ್ನು ನಾನು ನೋಡುವುದು ಆ ಜಗಲಿಯಲ್ಲಿ ಕುಳಿತೇ. ಏನೇನು ಬಿಟ್ಟರು ಎಂದು ಎಣಿಸುವುದಕ್ಕಿಂತ ಈ ಕಥೆಯ ಪದ್ಯ ಯಾವುದು, ನಿರ್ದೇಶಕ ಆ ಪದ್ಯಕ್ಕೆ ಅರ್ಥ ಹೇಳಿದನೋ, ಬೇರೆ ಏನನ್ನೋ ಹೇಳಿದನೋ ಎಂದು ಕೇಳಿಕೊಳ್ಳುತ್ತೇನೆ.

ಈ ಬುದ್ಧಿ ನನಗೆ ಬಂದದ್ದು ತಡವಾಗಿ. ‘ನಾಗರಹಾವು’ 1972ರಲ್ಲಿ ತೆರೆಕಂಡಾಗ ನಾನು ಹೈಸ್ಕೂಲು ಹುಡುಗ. ವಾಚನಾಲಯದಿಂದ ತರಾಸು ಅವರ ಪುಸ್ತಕಗಳನ್ನು ತಂದು ಓದಿ ರಾಮಾಚಾರಿಯನ್ನು ಮನಸ್ಸಿನಲ್ಲಿ ಕೆತ್ತಿಕೊಂಡಿದ್ದೆ. ಪುಟ್ಟಣ್ಣ ಕಣಗಾಲ್ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಒಂದು ಸಿನಿಮಾ ಮಾಡಿದ್ದರು. ಅಪ್ಪನ ಜೊತೆ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ನೋಡಿ, ಹೊರಗೆ ಬರುವಾಗ ಸಿಟ್ಟಿನಿಂದ ಕುದಿಯುತ್ತಿದ್ದೆ. ಅದಿಲ್ಲ, ಇದಿಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದೆ. ಒಂದು ಕಾದಂಬರಿಯನ್ನೂ ಓದದ ಅಪ್ಪ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ತಲಪಾಡಿ ದಾಟಿದ ಮೇಲೆ, ‘ನನಗೆ ನಮ್ಮ ಮೇಷ್ಟ್ರು ನೆನಪಾದರು’ ಎಂದರು. ಮತ್ತೆ ಮಾತಾಡಲಿಲ್ಲ. ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್ ಮಾಡಿದ್ದು ಏನು ಎಂಬುದು ನನಗೆ ತಿಳಿದದ್ದು ನಾನೇ ಮೇಷ್ಟ್ರಾಗಿ, ನಾನು ಕೊಟ್ಟ ಬುದ್ಧಿಮಾತು ಹುಡುಗನೊಬ್ಬನ ಬದುಕನ್ನು ತಪ್ಪು ದಾರಿಗೆ ತಳ್ಳಬಹುದು ಎಂಬ ಹೆದರಿಕೆ ಹುಟ್ಟಿದ ಮೇಲೆ. ತನ್ನನ್ನು ನಂಬಿದ ಶಿಷ್ಯನನ್ನು ಅದೇ ನಂಬಿಕೆಯ ಬಲದಿಂದ ಮುರಿಯುವ ಗುರು ಎಂಬುದು ಪುಟ್ಟಣ್ಣ ಆರಿಸಿಕೊಂಡ ಪದ್ಯ. ಅದಕ್ಕೆ ಅವರು ಹೇಳಿದ ಅರ್ಥ ಐವತ್ತು ವರ್ಷ ಕಳೆದರೂ ನಿಂತಿದೆ.

ಹಾಗೆಂದು ಆ ಹುಡುಗನ ಸಿಟ್ಟು ಸುಳ್ಳಾಗಿರಲಿಲ್ಲ. ತನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಸ್ವತಃ ತರಾಸು ನೊಂದುಕೊಂಡರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಲೇಖಕನಿಗೆ ವಿಷದ ಹಲ್ಲಿನ ರಾಮಾಚಾರಿ ಮುಖ್ಯ, ನಿರ್ದೇಶಕನಿಗೆ ಮೇಷ್ಟ್ರು ಮುಖ್ಯ. ಸಿನಿಮಾ ಭರ್ಜರಿಯಾಗಿ ಗೆದ್ದಿತು, ಲೇಖಕ ಸೋತೆನೆಂದುಕೊಂಡರು. ಎರಡೂ ನಿಜ. ಗಲ್ಲಾಪೆಟ್ಟಿಗೆಯ ಲೆಕ್ಕದಿಂದ ಇದನ್ನು ಬಿಡಿಸಲಾಗುವುದಿಲ್ಲ.

ಓದುಗರ ಮನಸ್ಸಿನಲ್ಲಿರುವುದನ್ನು ಮುಟ್ಟದೆ ಬಿಡುವುದೇ ಕೆಲವೊಮ್ಮೆ ಅತಿ ದೊಡ್ಡ ನಿಷ್ಠೆ. ಮಲಯಾಳಂ ಲೇಖಕ ವೈಕಂ ಮುಹಮ್ಮದ್ ಬಷೀರರ ‘ಮದಿಲುಗಳ್’ (ಗೋಡೆಗಳು) ಕಿರುಕಾದಂಬರಿಯನ್ನು ನೆನೆಯಿರಿ. ಜೈಲಿನ ಗೋಡೆಯ ಈಚೆ ಬಷೀರ್, ಆಚೆ ಹೆಂಗಸರ ಜೈಲಿನಲ್ಲಿ ನಾರಾಯಣಿ. ಅವಳು ಗೋಡೆಯ ಹತ್ತಿರ ಬಂದಿದ್ದಾಳೆ ಎಂಬುದಕ್ಕೆ ಗುರುತು, ಗಾಳಿಗೆ ಮೇಲೆಸೆದ ಒಂದು ಒಣ ಕೋಲು. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ಸಿನಿಮಾ ಎಂದರೆ ತೋರಿಸುವುದು. ಹಣ ಹಾಕಿದವರು ನಾಯಕಿ ಎಲ್ಲಿ ಎಂದು ಕೇಳುವ ಲೋಕ ಅದು. ಅಡೂರು ಗೋಪಾಲಕೃಷ್ಣನ್ 1990ರ ತಮ್ಮ ಸಿನಿಮಾದಲ್ಲಿ ನಾರಾಯಣಿಯ ಮುಖ ತೋರಿಸಲಿಲ್ಲ. ಕೆ.ಪಿ.ಎ.ಸಿ. ಲಲಿತಾ ಅವರ ದನಿ ಮಾತ್ರ ಗೋಡೆಯನ್ನು ದಾಟಿ ಬರುತ್ತದೆ. ಮಮ್ಮೂಟ್ಟಿ ಕತ್ತೆತ್ತಿ ಆಕಾಶ ನೋಡುತ್ತಾರೆ, ನಾವೂ ನೋಡುತ್ತೇವೆ. ಕೋಲು ಮೇಲೆದ್ದರೆ ಎದೆ ಹಾರುತ್ತದೆ. ಓದಿದ ಪ್ರತಿಯೊಬ್ಬರ ನಾರಾಯಣಿಯೂ ಹಾಗೇ ಉಳಿದಳು. ಆದರೂ ಬಹಳ ಪರಿಚಿತವಾದ ಆ ದನಿ ತಮ್ಮ ನಾರಾಯಣಿಯದಲ್ಲ ಎಂದು ಬೇಸರಿಸಿಕೊಂಡವರನ್ನು ನಾನು ಬಲ್ಲೆ. ಮುಖ ಬಿಡಿ, ದನಿಯೂ ಓದುಗನ ಸ್ವತ್ತು. ಅಭಿಮಾನಿಯ ಪ್ರೀತಿ ಅಷ್ಟು ಆಳಕ್ಕೆ ಇಳಿದಿರುತ್ತದೆ. ಅದನ್ನು ಹುಡುಗಾಟಿಕೆ ಎನ್ನುವವರ ಜೊತೆ ನನಗೆ ಜಗಳವಿದೆ.

ಪುಸ್ತಕ ಕೊಡಲಾಗದ್ದನ್ನು ಸಿನಿಮಾ ಕೊಡುವುದೂ ಇದೆ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ನಾವೆಲ್ಲ ಓದಿದ್ದೆವು, ಚೋಮ ನಮ್ಮ ತುಳುನಾಡಿನವನೇ. ಆದರೆ ಪುಸ್ತಕದಲ್ಲಿ ದುಡಿಯ ಸದ್ದನ್ನು ನಾವೇ ಊಹಿಸಿಕೊಳ್ಳಬೇಕು. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಕಿವಿಗೆ ಬಡಿಸಿದರು. ಎಂ.ವಿ. ವಾಸುದೇವರಾಯರು ದುಡಿ ಹಿಡಿದು ಕುಳಿತ ಭಂಗಿಯನ್ನು ನೋಡಿದ ಮೇಲೆ ಕಾದಂಬರಿಯನ್ನು ಮತ್ತೆ ಓದಿದರೆ ಆ ಸದ್ದು ಪುಟಗಳ ಹಿಂದಿನಿಂದ ಕೇಳುತ್ತದೆ. ರಾಷ್ಟ್ರಮಟ್ಟದಲ್ಲಿ ಸ್ವರ್ಣಕಮಲವೂ ಶ್ರೇಷ್ಠ ನಟ ಪ್ರಶಸ್ತಿಯೂ ಬಂದವು. ಇನ್ನು ವೈದೇಹಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸು’ ಎಷ್ಟು ದೂರ ಹೋಯಿತೆಂದರೆ, ಕಥೆಯಲ್ಲಿ ಊರಿಗೆ ಟಾಕೀಸು ಬಂದರೆ ಸಿನಿಮಾದಲ್ಲಿ ಗುಲಾಬಿಯ ಮನೆಗೆ ಟಿ.ವಿ. ಬರುತ್ತದೆ. ಕಾಲ ಬದಲಾಯಿತು, ಸಮುದಾಯ ಬದಲಾಯಿತು, ಕಾರ್ಗಿಲ್ ಯುದ್ಧದ ದಿನಗಳ ಅನುಮಾನ ಕರಾವಳಿಯ ಮೀನುಗಾರರ ಓಣಿಗೆ ಬಂತು. ತೆರೆಯ ಮೇಲಿನ ಬೆಳಕಿಗೆ ಮನಸೋತ ಒಬ್ಬ ಬಡ ಸೂಲಗಿತ್ತಿ ಎಂಬ ಪದ್ಯ ಕದಲಲಿಲ್ಲ. ಉಮಾಶ್ರೀ ಅದನ್ನು ಹಿಡಿದು ನಿಂತರು.

ನಾನು ಮೆಚ್ಚಿ ಹೇಳಿದವುಗಳಲ್ಲಿ ಹೆಚ್ಚಿನವು ಸಣ್ಣ ಕಥೆ, ಕಿರುಕಾದಂಬರಿಗಳಿಂದ ಬಂದವು ಎಂಬುದನ್ನು ಗಮನಿಸಿ. ಸಣ್ಣದು ಬೆಳೆಯಲು ಜಾಗ ಕೊಡುತ್ತದೆ, ದೊಡ್ಡದನ್ನು ಕಡಿಯಲೇಬೇಕು. ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ ಐದು ಸಂಪುಟ. 1950ರಿಂದ ವಾರವಾರ ಕಾದು ಓದಿದ ತಮಿಳು ಮನೆಗಳ ಮೂರು ತಲೆಮಾರು ಅದರ ಹಿಂದೆ ಇದೆ. ಮಣಿರತ್ನಂ 2022 ಮತ್ತು 2023ರಲ್ಲಿ ಎರಡು ಭಾಗ ಮಾಡಿದರೂ ಒಟ್ಟು ಸುಮಾರು ಐದೂವರೆ ಗಂಟೆಯಷ್ಟೇ ಆಯಿತು. ಹಾಗೆಂದು ಎಳೆದರೂ ಪ್ರಯೋಜನವಿಲ್ಲ: ಟೋಲ್ಕಿನ್ ಅವರ ಮೂರು ಸಂಪುಟದ ‘ಲಾರ್ಡ್ ಆಫ್ ದ ರಿಂಗ್ಸ್’ ಮೂರು ಸಿನಿಮಾ ಆದಾಗ ಅಭಿಮಾನಿಗಳು ಅಪ್ಪಿಕೊಂಡರು, ಅದೇ ನಿರ್ದೇಶಕ ಅವರದೇ ಪುಟ್ಟ ‘ಹಾಬಿಟ್’ ಪುಸ್ತಕವನ್ನೂ ಮೂರು ಸಿನಿಮಾ ಮಾಡಿದಾಗ ಮಜ್ಜಿಗೆಗೆ ನೀರು ಹೆಚ್ಚಾಯಿತು. ದೊಡ್ಡ ಬಂಡವಾಳದ ಸಿನಿಮಾಕ್ಕೆ ಇನ್ನೂ ಒಂದು ಕಟ್ಟುಪಾಡಿದೆ. ಹಾಲ್ ತುಂಬುವವರಲ್ಲಿ ಓದಿದವರು ಯಾವಾಗಲೂ ಕಡಿಮೆ. ಓದದವರಿಗೆ ಅರ್ಥವಾಗಬೇಕು, ಭಾಷೆ ಬೇರೆಯಾದವರಿಗೂ ತಲುಪಬೇಕು ಎಂದಾಗ ಮೊದಲು ಕತ್ತರಿ ಬೀಳುವುದು ಸಣ್ಣ, ಸ್ಥಳೀಯ, ವಿಚಿತ್ರ ವಿವರಗಳಿಗೆ. ಓದುಗರು ಎದೆಯಲ್ಲಿಟ್ಟುಕೊಂಡಿರುವುದು ಅವುಗಳನ್ನೇ. ತೇಜಸ್ವಿಯವರ ಓದುಗರು ಮಾಡಿದ್ದು ನನಗೆ ಅದಕ್ಕೇ ಇಷ್ಟವಾಯಿತು. ನೂರಕ್ಕೂ ಹೆಚ್ಚು ಮಂದಿ ತಾವೇ ಹಣ ಕೂಡಿಸಿ 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಫಾ’ವನ್ನು ತೆರೆಗೆ ತಂದರು.

ಇನ್ನು ‘ಆಡುಜೀವಿತಂ’ ಬಗ್ಗೆ ನನ್ನ ತೀರ್ಪು. 2018ರಲ್ಲಿ ಶುರುವಾದ ಚಿತ್ರೀಕರಣ, 2020ರಲ್ಲಿ ಕೊರೋನಾದಿಂದ ಜೋರ್ಡಾನಿನಲ್ಲಿ ಸಿಕ್ಕಿಬಿದ್ದ ತಂಡ, 2024ರ ಮಾರ್ಚ್ 28ಕ್ಕೆ ಬಿಡುಗಡೆ. ಆ ಶ್ರಮಕ್ಕೆ ಗೌರವವಿದೆ, ಆದರೆ ಶ್ರಮವನ್ನು ತೋರಿಸಿ ಅಂಕ ಕೇಳುವಂತಿಲ್ಲ. ನಾನು ಅಂಕ ಕೊಡುವುದು ಸ್ನಾನದ ದೃಶ್ಯಕ್ಕೆ. ಹೊರಡುವ ಮೊದಲು ನಜೀಬ್ ಬಟ್ಟೆ ಕಳಚಿ ಮೈಮೇಲೆ ನೀರು ಸುರಿದುಕೊಳ್ಳುತ್ತಾನೆ. ಪೃಥ್ವಿರಾಜ್ ಅವರ ಎಲುಬಿನ ಗೂಡು, ಒಳಸೇದಿದ ಹೊಟ್ಟೆ, ಬೆನ್ನುಹುರಿಯ ಒಂದೊಂದು ಗಂಟು. ‘ನಾನು ಬಡಕಲಾಗಿದ್ದೆ’ ಎಂದು ಕಾದಂಬರಿ ಎಷ್ಟು ಸಲ ಹೇಳಿದರೂ ಆ ಬೆನ್ನು ಹೇಳಿದ್ದನ್ನು ಹೇಳಲಾರದು. ಊರಿನಲ್ಲಿ ಹೊಳೆಗೆ ಮುಳುಗಿ ಮರಳು ತೆಗೆಯುತ್ತಿದ್ದವನು ಅವನು. ಹೊಳೆಯೇ ಅನ್ನ ಕೊಟ್ಟವನಿಗೆ ಇಲ್ಲಿ ಮೈಗೆ ಒಂದಿಷ್ಟು ನೀರು ಬಿದ್ದರೆ ಹಬ್ಬ. ನೀರು ಮತ್ತು ಮರಳು ಎಂಬ ಪದ್ಯಕ್ಕೆ ಬ್ಲೆಸ್ಸಿ ತುಂಬು ಅರ್ಥ ಹೇಳಿದ್ದಾರೆ. ಅಮ್ಮನೂ ಅಣ್ಣನೂ ಕೇಳಿಸಿಕೊಂಡದ್ದು ಅದನ್ನು.

ಆಡು ಮತ್ತು ಮನುಷ್ಯ ಎಂಬ ಪದ್ಯವನ್ನು ಭಾಗವತರು ಹಾಡಿದರು, ಅರ್ಥಧಾರಿ ಎರಡು ಮಾತಾಡಿ ಮುಂದೆ ಹೋದರು. ಅದು ಲೋಪವೇ. ಎಲ್ಲ ಆಡುಗಳಿಗೂ ಹೆಸರು ಬೇಡವಾಗಿತ್ತು. ಒಂದೇ ಒಂದು ಮರಿ ಸಾಕಾಗಿತ್ತು. ಅದು ಹುಟ್ಟುವ ಹೊತ್ತಿನಲ್ಲಿ ನಜೀಬನ ಬಾಯಿಂದ ‘ನಬೀಲ್’ ಎಂಬ ಒಂದು ಪದ, ಅದಕ್ಕೆ ಮೊದಲೇ ಊರಿನಲ್ಲಿ ಗಂಡ ಹೆಂಡಿರು ಆ ಹೆಸರನ್ನು ಪಿಸುಗುಟ್ಟಿದ ಒಂದು ನಿಮಿಷ. ಮೂರು ಗಂಟೆಗೆ ಹತ್ತಿರದ ಸಿನಿಮಾದಲ್ಲಿ ಅಷ್ಟಕ್ಕೆ ಎಡೆಯಿತ್ತು.

ನಿರೀಕ್ಷಿಸುವುದು ತಪ್ಪೇ ಎಂದು ಕೇಳಿದ್ದೀರಿ. ನಿರೀಕ್ಷೆಯಿಲ್ಲದೆ ನೋಡಬೇಕು ಎಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ವಾಲಿವಧೆಯ ಪ್ರತಿ ಪದ್ಯವೂ ಗೊತ್ತಿದ್ದ ಆ ಹಿರಿಯರು ನಿರೀಕ್ಷೆ ಹೊತ್ತುಕೊಂಡೇ ಬರುತ್ತಿದ್ದರು, ಅದಕ್ಕೇ ಅರ್ಥಧಾರಿಗಳು ಹೆದರಿ ಓದಿಕೊಂಡು ಬರುತ್ತಿದ್ದರು. ನಿಮ್ಮಂಥ ಓದುಗರು ಹಾಲ್‌ನಲ್ಲಿ ಇದ್ದಾರೆ ಎಂಬ ಭಯ ನಿರ್ದೇಶಕರಿಗೆ ಇರಬೇಕು. ನಾನು ಕೇಳುವುದು ಇಷ್ಟೇ: ಸಿನಿಮಾ ನೋಡಿ ಬಂದ ರಾತ್ರಿಯೇ ತೀರ್ಪು ಬರೆಯಬೇಡಿ. ಮೊದಲ ಸಲ ನೋಡುವಾಗ ಮನಸ್ಸು ಪುಸ್ತಕದ ಪುಟ ತಿರುವುತ್ತಲೇ ಇರುತ್ತದೆ. ಇನ್ನೊಮ್ಮೆ ನೋಡಿದಾಗಲೇ ತೆರೆಯ ಮೇಲಿರುವುದು ಕಾಣಿಸುವುದು.

ಮನೆಯ ವಾದಕ್ಕೆ ಒಂದು ದಾರಿ ಹೇಳುತ್ತೇನೆ. ಒಂದು ಸಂಜೆ, ಅಮ್ಮ ಕೆಲಸ ಮುಗಿಸಿ ಕುಳಿತಾಗ, ಮರಿ ಹುಟ್ಟುವ ಆ ಪುಟಗಳನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ಅಮ್ಮನಿಗೆ ಪುಸ್ತಕದ ಭಾಷೆ ತೊಡಕಾದರೆ ನೀವೇ ಮನೆಮಾತಿನಲ್ಲಿ ಅರ್ಥ ಹೇಳಿ. ಅಣ್ಣನೂ ಪಕ್ಕದಲ್ಲಿರಲಿ. ಶಾರ್ಜಾದ ಆ ಹದಿನಾಲ್ಕು ವರ್ಷಗಳಲ್ಲಿ ಅವನು ಯಾವುದಕ್ಕೆ ಯಾರ ಹೆಸರಿಟ್ಟಿದ್ದ ಎಂದು, ಓದಿ ಮುಗಿಸಿದ ಮೇಲೆ, ಕೇಳಿನೋಡಿ.